ನಗು ಬಂದ ಕಡೆಗೆ ಸಾಲು ತಿರುಗಿದಾಗ: ರ‍್ಯಾಪ್ ಹಾಡುವ ಕನ್ನಡ ಶಿಕ್ಷಕರೊಬ್ಬರ ಪ್ರಕರಣ

ಈ ಬರಹದಲ್ಲಿ ಬರುವ ಶಾಲೆ, ಊರು ಮತ್ತು ವ್ಯಕ್ತಿಗಳ ಗುರುತನ್ನು ಮರೆಮಾಡಿದ್ದೇನೆ. ಪತ್ತೆ ಹಚ್ಚಲು ನೆರವಾಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಶಿಕ್ಷಕರ ತರಬೇತಿಯ ಕೆಲಸದಲ್ಲಿರುವ ನನ್ನನ್ನು ಶಾಲೆಯ ಮುಖ್ಯೋಪಾಧ್ಯಾಯರು ಮಧ್ಯಸ್ಥಿಕೆಗೆ ಕರೆದಿದ್ದರು. ಇದನ್ನು ಬರೆಯಲು ಶಿಕ್ಷಕರು ಒಪ್ಪಿದ್ದಾರೆ, ವಿದ್ಯಾರ್ಥಿನಿ ಮತ್ತು ಅವಳ ತಾಯಿ ಕೂಡ ಒಪ್ಪಿದ್ದಾರೆ. ವಿದ್ಯಾರ್ಥಿನಿ ಮಾತ್ರ ಒಂದು ಷರತ್ತು ಹಾಕಿದಳು: ಪರೀಕ್ಷೆಯಲ್ಲಿ ತಾನು ಬರೆದ, ಶಿಕ್ಷಕರು ವೇದಿಕೆಯ ಮೇಲೆ ಹಾಡಿದ, ಇಷ್ಟೆಲ್ಲ ನೋವಿಗೆ ಕಾರಣವಾದ ಆ ಒಂದು ಸಾಲನ್ನು ಮತ್ತೆ ಎಲ್ಲಿಯೂ ಬರೆಯಬಾರದು. ಆದ್ದರಿಂದ ಆ ಸಾಲು ಇಲ್ಲಿ ಇಲ್ಲ. ಅದು ಏನೆಂದು ತಿಳಿಯದೆಯೇ ಈ ಪ್ರಕರಣವನ್ನು ಅರ್ಥ ಮಾಡಿಕೊಳ್ಳಬಹುದು ಎಂದು ನಂಬಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಅಲ್ಲಿನ ಅನುದಾನಿತ ಪ್ರೌಢಶಾಲೆಗೆ ಇರುವುದು ಒಬ್ಬರೇ ಕನ್ನಡ ಶಿಕ್ಷಕರು. ಊರಿನವರು ಕರೆಯುವಂತೆ ಇಲ್ಲಿಯೂ ಅವರನ್ನು ಮಾಸ್ತರರು ಎಂದೇ ಕರೆಯುತ್ತೇನೆ. ಅವರ ಅಜ್ಜ ಗೀಗೀ ಮೇಳದಲ್ಲಿ ದಪ್ಪು ಬಾರಿಸುತ್ತಿದ್ದವರು. ಜಾತ್ರೆಯ ರಾತ್ರಿಗಳಲ್ಲಿ ಹರದೇಶಿ ಮೇಳದವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿ ಮೇಳದವರು ಹೆಣ್ಣು ಹೆಚ್ಚೆಂದು ತಿರುಗಿ ಹಾಡುವುದು, ಬೆಳಗಾಗುವ ತನಕ ಸವಾಲಿಗೆ ಜವಾಬು ಏರುತ್ತಾ ಹೋಗುವುದು, ಜನ ಎರಡೂ ಕಡೆಗೆ ಶಿಳ್ಳೆ ಹಾಕುವುದು, ಇದನ್ನೆಲ್ಲ ಅಜ್ಜನ ಮಗ್ಗುಲಲ್ಲಿ ಕುಳಿತು ನೋಡುತ್ತಲೇ ಬೆಳೆದವರು. ಬಿ.ಎಡ್. ಓದುವಾಗ ಗೆಳೆಯನ ಮೊಬೈಲಿನಲ್ಲಿ ಮೊದಲ ಬಾರಿಗೆ ರ‍್ಯಾಪ್ ಕೇಳಿದಾಗ ಅವರಿಗೆ ಅದು ಹೊರಗಿನದು ಎನ್ನಿಸಲೇ ಇಲ್ಲವಂತೆ. ತಾಳದ ಮೇಲೆ ಮಾತು, ಮಾತಿನಲ್ಲಿ ಕುಟುಕು, ಕುಟುಕಿಗೆ ಎದುರು ಕುಟುಕು. ಅಜ್ಜನ ಮೇಳದಲ್ಲಿ ಇದ್ದದ್ದೂ ಅದೇ ಅಲ್ಲವೇ ಎಂದು ಕೇಳುತ್ತಾರೆ.

ಹಿಪ್‌ಹಾಪ್ ಹುಟ್ಟಿದ ಕಥೆಯನ್ನು ಅವರು ಮಕ್ಕಳಿಗೆ ಖುಷಿಯಿಂದ ಹೇಳುತ್ತಾರೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ವಸತಿ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ಹಾಡು ಹಾಕಿದ ಕೂಟವನ್ನು ಅದರ ಹುಟ್ಟುದಿನವೆಂದು ಎಣಿಸುತ್ತಾರೆ. ಆ ಕೂಟವನ್ನು ಏರ್ಪಡಿಸಿದ್ದು ಆತನ ಸಹೋದರಿ ಸಿಂಡಿ. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲು ಅವಳಿಗೆ ಹಣ ಬೇಕಿತ್ತು. ಹೊಸ ಯೂನಿಫಾರ್ಮಿಗೆ ಕಾಯುವುದು ಎಂದರೇನು ಎಂದು ಬಲ್ಲ ಮಕ್ಕಳಿಗೆ ಈ ಕಥೆ ಒಂದೇ ಸಲಕ್ಕೆ ನಾಟುತ್ತದೆ.

ತರಗತಿಯಲ್ಲಿ ಅವರು ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದನ್ನು ತಿಳಿಯದವರು ಮುಂದಿನ ಗಲಾಟೆಯನ್ನು ನೋಡಿ "ಮಾಸ್ತರನಿಗೆ ಈ ಕುಣಿತವೆಲ್ಲ ಏಕೆ ಬೇಕಿತ್ತು" ಎಂದು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತಾರೆ. ಛಂದಸ್ಸು ಎಂದರೆ ಪ್ರೌಢಶಾಲೆಯ ಬಹುಪಾಲು ಮಕ್ಕಳಿಗೆ ದಿಗಿಲು. ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ ಎಂಬ ಪ್ರಶ್ನೆಯನ್ನು ಕಣ್ಣು ಮುಚ್ಚಿ ಬಿಟ್ಟುಬಿಡುವವರೇ ಹೆಚ್ಚು. ಮಾಸ್ತರರು ಮಂದಾನಿಲ ರಗಳೆಯಿಂದ ಶುರು ಮಾಡಿದರು. ಅದರ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. ರ‍್ಯಾಪ್‌ನ ಒಂದು ಆವರ್ತನೆಗೆ ನಾಲ್ಕು ಪೆಟ್ಟು. ಒಂದೊಂದು ಪೆಟ್ಟನ್ನು ನಾಲ್ಕಾಗಿ ಒಡೆದರೆ ಅಲ್ಲಿಯೂ 16. ಬೆಂಚಿನ ಮೇಲೆ ಬೆರಳಿನಿಂದ ತಾಳ ಹಾಕಿಸಿ, ತಾವೇ ಕಟ್ಟಿದ ಸಾಲುಗಳನ್ನು ಅದರ ಮೇಲೆ ಕೂರಿಸಿ ತೋರಿಸಿದರು:

ಗಣತಿಗೆ ಹೋದೆನು ಮನೆಮನೆ ಸುತ್ತುತ
ಎಣಿಸಿದೆ ದನವನು ಹಾಜರಿ ಹಾಕುತ
ಮತದಾನದ ದಿನ ಪೆಟ್ಟಿಗೆ ಹೊತ್ತೆನು
ಕತೆ ಹೇಳುವುದಕೆ ಸಮಯವೆ ಸಾಲದು

ಮಕ್ಕಳು ನಕ್ಕರು. ನಗುತ್ತಲೇ ಎಣಿಸಿದರು. ಪ್ರತಿ ಸಾಲೂ 16 ಮಾತ್ರೆ. ಮೊದಲೆರಡು ಸಾಲುಗಳ ಎರಡನೆಯ ಅಕ್ಷರದಲ್ಲಿ ಣಕಾರ, ಮುಂದಿನ ಎರಡರಲ್ಲಿ ತಕಾರ, ಅಂದರೆ ಆದಿಪ್ರಾಸ. ಭಾಮಿನಿ ಷಟ್ಪದಿಗೆ ಬಂದಾಗ ಈ ತಾಳ ಕೈಕೊಟ್ಟಿತು. ಅದರ ಮೊದಲ ಸಾಲಿನ ನಡೆ 3, 4, 3, 4, ಒಟ್ಟು 14 ಮಾತ್ರೆ. ನಾಲ್ಕರ ಪೆಟ್ಟಿಗೆ ಅದು ಬಗ್ಗುವುದಿಲ್ಲ. ಆಗ ಮಾಸ್ತರರು ಬೀಟ್ ನಿಲ್ಲಿಸಿ ಏಳರ ಮಿಶ್ರ ಛಾಪಿಗೆ ಚಪ್ಪಾಳೆ ಹಾಕಿಸಿದರು. ಯಾವ ಪದ್ಯ ಯಾವ ತಾಳಕ್ಕೆ ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ ಎಂದು ಕಿವಿಯಿಂದಲೇ ಹೇಳುವ ಮಕ್ಕಳನ್ನು ನಾನು ಆ ತರಗತಿಯಲ್ಲಿ ಕಂಡಿದ್ದೇನೆ. ಇದು ಸಣ್ಣ ಸಾಧನೆಯಲ್ಲ.

ಶಾಲೆಯ ಹೊರಗೆ ಅವರಿಗೆ ಎರಡು ಬಗೆಯ ವೇದಿಕೆಗಳಿದ್ದವು. ಒಂದು, ಊರಿನ ಗಣೇಶೋತ್ಸವ, ಶಿಕ್ಷಕರ ದಿನಾಚರಣೆ, ನಗೆಹಬ್ಬ. ಇಲ್ಲಿ ಹಾಸ್ಯದ ರ‍್ಯಾಪ್. ಚುನಾವಣಾ ಕರ್ತವ್ಯ, ಬಿಸಿಯೂಟದ ಲೆಕ್ಕ, ಸಮೀಕ್ಷೆ, ರಜೆಯಲ್ಲಿ ಬರುವ ತರಬೇತಿ ಇವೆಲ್ಲ ಅಲ್ಲಿನ ವಸ್ತು. ನಗುವವರಲ್ಲಿ ಶಿಕ್ಷಕರೇ ಮುಂದು. ಇನ್ನೊಂದು, ದೊಡ್ಡ ನಗರದಲ್ಲಿ ಆಗಾಗ ನಡೆಯುವ ಸ್ಪೋಕನ್ ವರ್ಡ್ ಸಂಜೆಗಳು, ಅಂದರೆ ಕವಿತೆಯನ್ನು ವೇದಿಕೆಯ ಮೇಲೆ ಹೇಳಿ ಪ್ರದರ್ಶಿಸುವ ಕೂಟಗಳು. 1980ರ ದಶಕದಲ್ಲಿ ಶಿಕಾಗೊ ನಗರದಲ್ಲಿ ಮಾರ್ಕ್ ಸ್ಮಿತ್ ಎಂಬ ಕಟ್ಟಡ ಕೆಲಸಗಾರ ಕವಿ ಆರಂಭಿಸಿದ, ಕವಿತೆ ಹೇಳುವ ಸ್ಪರ್ಧೆಯಾದ ಪೊಯೆಟ್ರಿ ಸ್ಲ್ಯಾಮ್‌ನ ಪದ್ಧತಿ ಈಗ ಎಲ್ಲ ಕಡೆಯೂ ಹಬ್ಬಿದೆ: ಮೂರು ನಿಮಿಷ ಸಮಯ, ಸಭೆಯಿಂದಲೇ ಆರಿಸಿದ ತೀರ್ಪುಗಾರರು, ಮೆಚ್ಚಿದರೆ ಕೂಗು, ಮೆಚ್ಚದಿದ್ದರೆ ಅದೂ ಮುಖಕ್ಕೆ ತಿಳಿಯುವಂತೆ. ಮಾಸ್ತರರು ಹೋಗುತ್ತಿದ್ದ ಸಂಜೆಗಳೂ ಇದೇ ಬಗೆಯವು. ಸಂಭಾವನೆ ಇರಲಿಲ್ಲ, ಹೋಗಿಬರುವ ಬಸ್ ಖರ್ಚು ಅವರದೇ.

ಒಂದು ಪತ್ರ, ಎರಡು ಪ್ರದರ್ಶನ

ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯಲ್ಲಿ ಮಾಸ್ತರರು ಎಲ್ಲ ಶಾಲೆಗಳಲ್ಲಿಯೂ ಕೇಳುವ ಪ್ರಶ್ನೆಯನ್ನೇ ಕೇಳಿದ್ದರು: ಶೈಕ್ಷಣಿಕ ಪ್ರವಾಸಕ್ಕೆ ಹಣ ಕಳುಹಿಸುವಂತೆ ಕೋರಿ ನಿಮ್ಮ ತಂದೆಯವರಿಗೆ ಪತ್ರ ಬರೆಯಿರಿ. ವಿದ್ಯಾರ್ಥಿನಿಯ ಉತ್ತರ ಪತ್ರಿಕೆಯನ್ನು ನಾನು ಅವಳ ಅನುಮತಿಯಿಂದ ನೋಡಿದ್ದೇನೆ. ಮೇಲೆ ನಡುವೆ "ಕ್ಷೇಮ", ಬಲಕ್ಕೆ ಊರು ಮತ್ತು ದಿನಾಂಕ. "ತೀರ್ಥರೂಪರಾದ ತಂದೆಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು" ಎಂದು ಕಲಿಸಿದಂತೆಯೇ ಆರಂಭ. ಮೊದಲ ನಾಲ್ಕು ವಾಕ್ಯಗಳು ಎಲ್ಲ ಮಕ್ಕಳೂ ಬರೆಯುವಂಥವು. ಐದನೆಯ ವಾಕ್ಯದಲ್ಲಿ ಅವಳು ಪ್ರವಾಸವನ್ನೂ ಹಣವನ್ನೂ ಮರೆತು ತನ್ನ ತಂದೆಯನ್ನೇ ಉದ್ದೇಶಿಸಿ ಒಂದು ಮಾತು ಬರೆದಿದ್ದಾಳೆ. ಅದೇ ಆ ಸಾಲು. ಆಮೇಲೆ "ಇಂತಿ ನಿಮ್ಮ ಪ್ರೀತಿಯ ಮಗಳು". ಕೊನೆಯಲ್ಲಿ ಹೊರವಿಳಾಸಕ್ಕೆಂದು ಸ್ಕೇಲು ಹಿಡಿದು ನೀಟಾಗಿ ಎಳೆದ ಚೌಕ. ಅದರೊಳಗೆ "ಗೆ," ಎಂದಷ್ಟೇ ಇದೆ. ಚೌಕದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಅಂಕ ಕಳೆದಿದೆ.

ಅವಳ ತಂದೆ ಗುಳೆ ಹೋದವರು. ಕಟ್ಟಡದ ಕೆಲಸ; ಮೊದಲು ಬೆಂಗಳೂರು, ಆಮೇಲೆ ಎಲ್ಲಿಯೋ. ಹೋಗಿ ವರ್ಷಗಳಾಗಿದ್ದವು. ಮಾಸ್ತರರಿಗೆ ಇದು ಗೊತ್ತಿರಲಿಲ್ಲ. ತರಗತಿಯಲ್ಲಿ ಅರವತ್ತು ಮಕ್ಕಳಿರುವಾಗ ಗೊತ್ತಾಗದೆ ಇರುವುದು ಅಪರಾಧವಲ್ಲ ಎಂದು ನಾನು ಇಂದಿಗೂ ಹೇಳುತ್ತೇನೆ. ಪ್ರಶ್ನೆ ಇರುವುದು ಆ ಮೇಲೆ ಅವರು ಕೈಗೊಂಡ ನಿರ್ಧಾರಗಳಲ್ಲಿ.

ಆ ಸಾಲು ಅವರನ್ನು ಹಿಡಿದು ನಿಲ್ಲಿಸಿತು. ಇಷ್ಟು ಚಿಕ್ಕ ವಾಕ್ಯದಲ್ಲಿ ಇಷ್ಟು ದೊಡ್ಡ ಸಂಗತಿಯನ್ನು ಹೇಳಿದ ಮಗುವಿನ ಬಗ್ಗೆ ಅವರಿಗೆ ಹೆಮ್ಮೆಯೂ ಆಯಿತು. ಪರೀಕ್ಷೆಗಳ ಬಗ್ಗೆ ಒಂದು ಸ್ಪೋಕನ್ ವರ್ಡ್ ಕವಿತೆ ಬರೆದು, ಅದರ ಕೊನೆಯಲ್ಲಿ ಈ ಸಾಲನ್ನು ಇಟ್ಟರು. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ನಗರ ದೂರ, ಅಲ್ಲಿ ನಮ್ಮೂರಿನವರು ಯಾರಿರುತ್ತಾರೆ ಎಂದುಕೊಂಡರು. ಆದರೆ ಸಾಲನ್ನು ಅಕ್ಷರವೂ ಬದಲಿಸದೆ ಹಾಗೆಯೇ ಉಳಿಸಿಕೊಂಡರು. ಹೆಸರು ತೆಗೆದರೆ ಗುರುತು ಹೋಗುತ್ತದೆ ಎಂದು ಬರೆಯುವವರು ನಂಬುತ್ತಾರೆ. ಬರೆದವಳಿಗೆ, ಅವಳ ಪಕ್ಕದ ಬೆಂಚಿನವರಿಗೆ, ಪರೀಕ್ಷೆ ಮುಗಿದ ಮೇಲೆ "ನೀನು ಏನು ಬರೆದೆ" ಎಂದು ಕೇಳಿದ್ದ ಗೆಳತಿಯರಿಗೆ ಆ ವಾಕ್ಯವೇ ಅವಳ ಗುರುತು.

ಮೊದಲ ಪ್ರದರ್ಶನದಲ್ಲಿ ಆ ಸಾಲಿಗೆ ಬರುವ ಮುಂಚೆ ಅವರು ಒಂದು ಉಸಿರು ನಿಲ್ಲಿಸಿ, ಮೆಲ್ಲಗೆ ಹೇಳಿದರು. ಸಭೆ ಸ್ತಬ್ಧವಾಗುತ್ತದೆ ಎಂದು ಎಣಿಸಿದ್ದರು. ಬಹುಪಾಲು ಜನ ಸ್ತಬ್ಧರಾದರು ಕೂಡ. ಆದರೆ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಅದು ಯಾವ ನಗು ಎಂದು ಹೇಳುವುದು ಕಷ್ಟ. ಅದಕ್ಕೂ ಮೊದಲಿನ ಎರಡು ನಿಮಿಷ ಕವಿತೆ ನಗಿಸಿತ್ತು. ಆ ನಗುವಿನ ಓಟವೇ ಮುಂದುವರಿದಿರಬಹುದು. ಮುಜುಗರವೂ ಇರಬಹುದು. ಮಾಸ್ತರರು ಬಸ್ಸಿನಲ್ಲಿ ಊರಿಗೆ ಮರಳುವಾಗ ಯೋಚಿಸಿದ್ದು ಆ ನಗುವಿನ ಬಗ್ಗೆಯೇ. ಸಾಲಿಗೆ ನಗಿಸುವ ಶಕ್ತಿ ಇದೆ ಎಂದು ಅವರಿಗೆ ಹೊಳೆಯಿತು.

ಇಡೀ ಪ್ರಕರಣದ ತಿರುವು ಇಲ್ಲಿದೆ ಎಂದು ನನ್ನ ಖಚಿತ ಅಭಿಪ್ರಾಯ. ವಿಡಿಯೊ ಹೊರಬಿದ್ದ ದಿನ ತಿರುವಿನ ದಿನವಲ್ಲ, ನೋಟಿಸು ಬಂದ ದಿನವೂ ಅಲ್ಲ. ಮುಂದಿನ ಸಂಜೆಗೆ ಅವರು ಕವಿತೆಯನ್ನು ತಿದ್ದಿದರು. ಕೊನೆಯಲ್ಲಿದ್ದ ಸಾಲನ್ನು ನಡುವಿಗೆ ತಂದರು, ಕೆಳಗೆ ಬೀಟ್ ಹಾಕಿದರು, ನಾಲ್ಕು ಸಲ ತಿರುಗಿಸಿ ಹಾಡುವ ಪಲ್ಲವಿ ಮಾಡಿದರು. ಸಾಲು ಹಾಗೆಯೇ ಇತ್ತು. ಮೆಲ್ಲಗೆ ಒಂದು ಸಲ ಹೇಳಿದಾಗ ಅದು ಒಂದು ಮಗುವಿನ ಅಳಲಾಗಿತ್ತು; ಪೆಟ್ಟಿನ ಮೇಲೆ ನಾಲ್ಕು ಸಲ ಹೇಳಿದಾಗ ಸಭೆ ಜೊತೆಗೂಡಿ ಕೂಗುವ ತಮಾಷೆಯಾಯಿತು. ಲಯಕ್ಕೆ ಈ ಬಲವಿದೆ. ಛಂದಸ್ಸು ಕಲಿಸುವವರಿಗೆ ಇದು ಉಳಿದವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅಂದಿನ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ನಲವತ್ತು ಸೆಕೆಂಡುಗಳ ತುಣುಕನ್ನು ಚಿತ್ರಿಸಿಕೊಂಡರು. ಅದರಲ್ಲಿ ಇದ್ದದ್ದು ಪಲ್ಲವಿ ಮಾತ್ರ.

ಊರಿಗೆ ಬಂದ ಹಾಡು

ತುಣುಕು ಊರಿಗೆ ಬಂದದ್ದು ಹಳೆಯ ವಿದ್ಯಾರ್ಥಿಯೊಬ್ಬನ ವಾಟ್ಸ್ಆ್ಯಪ್ ಸ್ಟೇಟಸ್ ಮೂಲಕ. "ನಮ್ಮ ಸರ್" ಎಂಬ ಅಭಿಮಾನದಿಂದಲೇ ಅವನು ಹಾಕಿದ್ದು. ಎರಡು ದಿನಗಳಲ್ಲಿ ಶಾಲೆಯ ಎಷ್ಟೋ ಮಕ್ಕಳು ನೋಡಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ಊಟದ ಸಾಲಿನಲ್ಲಿ "ಇದು ನೀನು ಬರೆದದ್ದಲ್ಲವೇ" ಎಂದು ಕೇಳಿದಳು. ಕೇಳಿದವಳಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಆ ಪ್ರಶ್ನೆಯನ್ನು ಪಕ್ಕದವರು ಕೇಳಿಸಿಕೊಂಡರು. ಮರುದಿನ ವಿದ್ಯಾರ್ಥಿನಿ ವರಾಂಡದಲ್ಲಿ ನಡೆದು ಬರುವಾಗ ಹತ್ತನೆಯ ತರಗತಿಯ ಇಬ್ಬರು ಹುಡುಗರು ಕಿಟಕಿಯ ಸರಳಿಗೆ ಬಡಿಯುತ್ತ ಆ ಪಲ್ಲವಿಯನ್ನು ಹಾಡಿದರು. ಅವಳು ಅಂದು ಮಧ್ಯಾಹ್ನವೇ ಮನೆಗೆ ಹೋದಳು. ಮತ್ತೆ ಶಾಲೆಗೆ ಬರಲಿಲ್ಲ.

ತರಗತಿಯ ಹೊಣೆ ಹೊತ್ತ ಗಣಿತ ಶಿಕ್ಷಕಿ ಮೊದಲು ಎಚ್ಚೆತ್ತವರು. ಜ್ವರವಿರಬಹುದೆಂದು ಅವಳ ಮನೆಗೆ ಹೋದರು. ತಾಯಿ ಹೊರಗಿನ ಕಟ್ಟೆಯ ಮೇಲೆಯೇ ಅವರನ್ನು ಕೂರಿಸಿ, ತಮ್ಮ ಮೊಬೈಲಿನಲ್ಲಿದ್ದ ತುಣುಕನ್ನು ತೋರಿಸಿ, "ನಮ್ಮ ಮನೆಯ ಮಾತನ್ನು ಊರಿಗೆಲ್ಲ ಹಾಡು ಮಾಡಿದ್ದಾರೆ, ಟೀಚರ್" ಎಂದರು. ಕೂಗಾಡಲಿಲ್ಲ. ಅವರು ಆ ವರ್ಷಗಳಲ್ಲಿ ಗಂಡನ ವಿಷಯವನ್ನು ಓಣಿಯವರ ಮುಂದೆ ಎತ್ತದೆ, "ದುಡಿಯಲು ಹೋಗಿದ್ದಾರೆ, ಹಬ್ಬಕ್ಕೆ ಬರುತ್ತಾರೆ" ಎಂದು ಹೇಳುತ್ತ ಮನೆಯ ಮರ್ಯಾದೆ ಕಾಯ್ದುಕೊಂಡು ಬಂದಿದ್ದರು. ಆ ಒಂದು ಸಾಲಿನಿಂದ ಅದೂ ಹೋಯಿತು.

ಮೊದಲು ಮಾಡಿದ್ದೆಲ್ಲ ಏಕೆ ಫಲಿಸಲಿಲ್ಲ

ಗಣಿತ ಶಿಕ್ಷಕಿಯಿಂದ ವಿಷಯ ತಿಳಿದ ರಾತ್ರಿ ಮಾಸ್ತರರು ನಿದ್ದೆ ಮಾಡಲಿಲ್ಲ. ತಮ್ಮ ಬಳಿ ಇದ್ದ ವಿಡಿಯೊಗಳನ್ನು ಅಳಿಸಿದರು, ಹಳೆಯ ವಿದ್ಯಾರ್ಥಿಗೆ ಹೇಳಿ ಸ್ಟೇಟಸ್ ತೆಗೆಸಿದರು. ಊರಿನ ಗುಂಪುಗಳಲ್ಲಿ ಒಂದು ಸಂದೇಶ ಹಾಕಿದರು: ನನ್ನ ಕವಿತೆಯಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ. ಮನಸ್ಸಿನಿಂದಲೇ ಬರೆದಿದ್ದರು. ಆದರೆ "ಯಾರಿಗಾದರೂ" ಎಂದ ಕೂಡಲೇ ಗುಂಪಿನಲ್ಲಿ "ಯಾರಿಗೆ? ಏನಾಯಿತು?" ಎಂಬ ಪ್ರಶ್ನೆಗಳು ಸಾಲುಗಟ್ಟಿದವು. ಗೊತ್ತಿದ್ದವರು ಉತ್ತರಿಸಿದರು. ತುಣುಕು ನೋಡದವರೂ ಹುಡುಕಿ ನೋಡಿದರು.

ಮುಖ್ಯೋಪಾಧ್ಯಾಯರು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲ ಮಕ್ಕಳ ಮುಂದೆ, ಆ ಹಾಡನ್ನು ಯಾರೂ ಹಾಡಕೂಡದು, ಹಾಡಿದವರಿಗೆ ಶಿಕ್ಷೆ ಎಂದು ಎಚ್ಚರಿಸಿದರು. ಅಲ್ಲಿಯ ತನಕ ಎರಡು ತರಗತಿಗಳಲ್ಲಿ ಇದ್ದ ಹಾಡು ಅಂದು ಸಂಜೆಗೆ ಎಂಟನೆಯ ತರಗತಿಯವರಿಗೂ ತಲುಪಿತು. ಹಾಡುವುದನ್ನು ಬಿಟ್ಟು ಬರೀ ತಾಳ ಬಡಿಯಲು ಶುರು ಮಾಡಿದರು. ತಾಳಕ್ಕೆ ಯಾರು ಶಿಕ್ಷೆ ಕೊಡುತ್ತಾರೆ?

ಆಡಳಿತ ಮಂಡಳಿ ಕಾರಣ ಕೇಳಿ ನೋಟಿಸು ಕೊಟ್ಟಿತು. ಸಭೆಯಲ್ಲಿ ಸರ್ಕಾರಿ ನೌಕರರ ನಡತೆ ನಿಯಮಗಳ ಪ್ರತಿ ಮೇಜಿನ ಮೇಲೆ ಬಂತು. 1966ರ ಹಳೆಯ ನಿಯಮಗಳೋ 2021ರ ಹೊಸವೋ, ಅನುದಾನಿತ ಶಾಲೆಗೆ ಎಷ್ಟು ಅನ್ವಯ ಎಂಬ ಚರ್ಚೆಯಲ್ಲಿ ಬಹಳ ಹೊತ್ತು ಹೋಯಿತು. ಶಿಕ್ಷಕರು ರ‍್ಯಾಪ್ ಹಾಡುವುದೇ ಶಾಲೆಯ ಘನತೆಗೆ ಕುಂದು ಎಂದು ಒಬ್ಬ ಸದಸ್ಯರು ಹೇಳಿದರು. ಅದೇ ಸದಸ್ಯರು ಹಿಂದಿನ ವರ್ಷ ನಗೆಹಬ್ಬದ ಮುಂದಿನ ಸಾಲಿನಲ್ಲಿ ಕುಳಿತು ಗಣತಿಯ ಪದ್ಯಕ್ಕೆ ನಕ್ಕಿದ್ದನ್ನು ಇನ್ನೊಬ್ಬರು ನೆನಪಿಸಿದರು. ಕೊನೆಗೆ, ಮುಂದಿನ ಆದೇಶದ ತನಕ ಯಾವ ವೇದಿಕೆಯನ್ನೂ ಹತ್ತಬಾರದು ಎಂದು ತೀರ್ಮಾನವಾಯಿತು. ಅಷ್ಟು ಹೊತ್ತಿನ ಸಭೆಯಲ್ಲಿ ವಿದ್ಯಾರ್ಥಿನಿ ಶಾಲೆಗೆ ಬರುತ್ತಿಲ್ಲ ಎಂಬ ಮಾತು ಒಮ್ಮೆ ಬಂದು ಹಾಗೆಯೇ ಮರೆಯಾಯಿತು. ನನ್ನನ್ನು ಕರೆದದ್ದು ಇದಾದ ಮೇಲೆ.

ಮಾಸ್ತರರ ಬಳಿ ಇನ್ನೊಂದು ಯೋಜನೆ ಇತ್ತು, ಅದರ ಬಗ್ಗೆ ಬಹಳ ಆಸೆಯಿಂದ ಮಾತನಾಡಿದರು. ಗೀಗೀ ಮೇಳದಲ್ಲಿ ಒಬ್ಬರ ಮೇಲೆ ಹಾಡಿದರೆ ಅವರಿಗೆ ತಿರುಗಿ ಹಾಡುವ ಹಕ್ಕಿರುತ್ತದೆ. ಹುಡುಗಿ ಚೆನ್ನಾಗಿ ಬರೆಯುತ್ತಾಳೆ. ಅವಳು ಜವಾಬು ಬರೆಯಲಿ, ನನ್ನನ್ನೇ ಬೈಯಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳೇ ಹಾಡಲಿ, ನಾನು ದಪ್ಪು ಬಾರಿಸುತ್ತೇನೆ. ಕೇಳಲು ಸೊಗಸಾಗಿತ್ತು. ಮುಖ್ಯೋಪಾಧ್ಯಾಯರಿಗೂ ಹಿಡಿಸಿತು. ನಾನು, ಮೊದಲು ಅವಳನ್ನು ಕೇಳೋಣ ಎಂದೆ.

ಅವಳು ಕೇಳಿದ್ದು

ಮಾತುಕತೆ ನಡೆದದ್ದು ಅವಳ ಮನೆಯಲ್ಲಿ. ತಾಯಿ, ಸೋದರಮಾವ, ಗಣಿತ ಶಿಕ್ಷಕಿ, ಮಾಸ್ತರರು, ನಾನು. ಹುಡುಗಿ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು. ಮಾಸ್ತರರು ಈ ಬಾರಿ "ಆಗಿದ್ದರೆ" ಎನ್ನಲಿಲ್ಲ. "ತಾಯಿ, ನಿಮ್ಮ ಮಗಳು ಬರೆದದ್ದನ್ನು ನಾನು ಕೇಳದೆ ತೆಗೆದುಕೊಂಡೆ. ಅದನ್ನು ನಗುವ ಹಾಡು ಮಾಡಿದವನೂ ನಾನೇ. ತಪ್ಪು ನನ್ನದು" ಎಂದರು. ತಾಯಿ ತಲೆ ಆಡಿಸಿದರು, ಮಾತನಾಡಲಿಲ್ಲ. ಸೋದರಮಾವ ಬಹಳ ಹೊತ್ತು ಸುಮ್ಮನಿದ್ದು, "ಮಾಸ್ತರರೇ, ಒಂದು ಮಾತು ಕೇಳುತ್ತೇನೆ. ಆ ಕಾಗದ ಅವಳು ನಿಮಗೆ ಬರೆದದ್ದೇ?" ಎಂದರು.

ಮಾಸ್ತರರು ಉತ್ತರಿಸಲಿಲ್ಲ. ನಾನೂ ಆ ಪ್ರಶ್ನೆಯ ಬಗ್ಗೆ ಬಹಳ ಯೋಚಿಸಿದ್ದೇನೆ. ಉತ್ತರ ಪತ್ರಿಕೆ ಶಿಕ್ಷಕರ ಕೈಗೆ ಬರುತ್ತದೆ ನಿಜ. ಆದರೆ ಅದರೊಳಗಿನ ಪತ್ರ ಇನ್ನೊಬ್ಬರಿಗೆ ಬರೆದದ್ದು. ಪರೀಕ್ಷೆಯ ನೆಪದಲ್ಲಿ ಅವಳಿಗೆ ಅಪ್ಪನ ಜೊತೆ ಮಾತನಾಡಲು ಒಂದು ಪುಟ ಸಿಕ್ಕಿತ್ತು. ಅವಳು ಅದನ್ನು ಬಳಸಿಕೊಂಡಿದ್ದಳು. ಮಾಸ್ತರರು ಮೌಲ್ಯಮಾಪಕರಾಗಿ ಓದಬಹುದಿತ್ತು, ಅಷ್ಟೇ.

ಜವಾಬು ಹಾಡುವ ಯೋಜನೆಯನ್ನು ಮಾಸ್ತರರು ಮುಂದಿಟ್ಟಾಗ ಹುಡುಗಿ ಮೊದಲ ಬಾರಿಗೆ ಮಾತನಾಡಿದಳು. "ನನಗೆ ಸ್ಟೇಜು ಬೇಡ ಸರ್. ನನ್ನ ಪೇಪರು ಬೇಕು" ಎಂದಳು. ಮಾಸ್ತರರು ಆ ಉತ್ತರ ಪತ್ರಿಕೆಯನ್ನು ಕವಿತೆಯ ಕರಡುಗಳ ಜೊತೆ ತಮ್ಮ ಫೈಲಿನಲ್ಲಿಯೇ ಇಟ್ಟುಕೊಂಡಿದ್ದರು. ಉಳಿದವರಿಗೆಲ್ಲ ಪತ್ರಿಕೆ ಮರಳಿಸಿದ ದಿನ ಅವಳದೊಂದು ಸಿಕ್ಕಿರಲಿಲ್ಲ. ಅವಳು ಅಂದಿನಿಂದಲೂ ಅದನ್ನು ಕಾಯುತ್ತಿದ್ದಳು. ಆಮೇಲೆ ಇನ್ನೊಂದು ಕೇಳಿದಳು: "ಹೊರವಿಳಾಸಕ್ಕೆ ಒಂದು ಅಂಕ ಕಳೆದಿದ್ದೀರಿ. ಅಲ್ಲಿ ನಾನು ಏನು ಬರೆಯಬೇಕಿತ್ತು ಸರ್?"

ಈ ಹೊರವಿಳಾಸದ ಸಂಗತಿಯನ್ನು ಬರೆಯಿರಿ ಎಂದು ಅವಳೇ ನನಗೆ ಹೇಳಿದ್ದಾಳೆ.

ಹಾಡಿನ ಹಿಂದಿನ ತಪ್ಪು ಪ್ರಶ್ನೆಪತ್ರಿಕೆಯಲ್ಲಿ ಇತ್ತು ಎಂದು ನಮಗೆ ಕಂಡದ್ದು ಆ ಕ್ಷಣದಲ್ಲಿ. ಎಸ್ಎಸ್ಎಲ್‌ಸಿ ಪಬ್ಲಿಕ್ ಪರೀಕ್ಷೆಯ ಪತ್ರಲೇಖನದ ಪ್ರಶ್ನೆಯನ್ನು ಗಮನಿಸಿದವರಿಗೆ ಗೊತ್ತು: ನಿಮ್ಮನ್ನು ಇಂಥ ಊರಿನ, ಇಂಥ ಶಾಲೆಯ, ಇಂಥ ಹೆಸರಿನ ವಿದ್ಯಾರ್ಥಿ ಎಂದು ಭಾವಿಸಿಕೊಂಡು ಬರೆಯಿರಿ ಎಂದು ಅಲ್ಲಿ ಇರುತ್ತದೆ. ಮಗು ಕಲ್ಪನೆಯ ಹೆಸರಿನ ಮರೆಯಲ್ಲಿ ಬರೆಯುತ್ತದೆ. ಅಭ್ಯರ್ಥಿಯ ಗುರುತು ತಿಳಿಯಬಾರದು ಎಂಬ ಕಾರಣಕ್ಕೆ ಇರುವ ಕ್ರಮವಾದರೂ ಅದು ಮಗುವಿನ ಮನೆಯನ್ನೂ ಕಾಯುತ್ತದೆ. ಶಾಲೆಯ ಕಿರುಪರೀಕ್ಷೆಯಲ್ಲಿ ನಾವು "ನಿಮ್ಮ ತಂದೆಯವರಿಗೆ" ಎಂದು ನೇರವಾಗಿ ಕೇಳಿಬಿಡುತ್ತೇವೆ. ತಂದೆ ಇಲ್ಲದವರು, ಇದ್ದೂ ಇಲ್ಲದವರು, ವಿಳಾಸ ಗೊತ್ತಿಲ್ಲದವರು ಎಲ್ಲ ತರಗತಿಗಳಲ್ಲಿಯೂ ಇರುತ್ತಾರೆ. ಗುಳೆ ಹೋಗುವ ಊರುಗಳಲ್ಲಿ ಇನ್ನೂ ಹೆಚ್ಚು.

ಮರುದಿನ ಬೆಳಿಗ್ಗೆ ಮಾಸ್ತರರು ಉತ್ತರ ಪತ್ರಿಕೆಯನ್ನು ಲಕೋಟೆಯಲ್ಲಿಟ್ಟು ಅವಳ ಮನೆಗೇ ಒಯ್ದು ಕೊಟ್ಟರು. ಕಳೆದ ಅಂಕವನ್ನು ಸೇರಿಸಿ, ಅಂಕಪಟ್ಟಿಯಲ್ಲಿಯೂ ತಿದ್ದಿ, ಮುಖ್ಯೋಪಾಧ್ಯಾಯರ ಸಹಿ ಮಾಡಿಸಿದ್ದರು. ಕರಡುಗಳನ್ನೂ ಕೊಟ್ಟರು. ಅವಳು ಕರಡುಗಳನ್ನು ತೆಗೆದುಕೊಳ್ಳಲಿಲ್ಲ, ಅವು ನಿಮ್ಮವು ಎಂದಳು. ಆ ಕವಿತೆಯನ್ನು ಯಾವ ರೂಪದಲ್ಲಿಯೂ ಮತ್ತೆ ಹೇಳುವುದಿಲ್ಲ ಎಂದು ಮಾಸ್ತರರು ತಾಯಿಯ ಮುಂದೆ ಮಾತು ಕೊಟ್ಟರು.

ಆ ಮೇಲೆ ನಡೆದದ್ದು

ಅವಳು ಮುಂದಿನ ಸೋಮವಾರ ಶಾಲೆಗೆ ಬಂದಳು. ಕಥೆ ಅಲ್ಲಿಗೆ ಸುಖಾಂತ್ಯವಾಗಲಿಲ್ಲ. ತಾಳ ಬಡಿಯುವುದು ದೀಪಾವಳಿ ರಜೆಯ ತನಕ ನಡೆದೇ ಇತ್ತು. ಅದನ್ನು ನಿಲ್ಲಿಸಿದ್ದು ಗಣಿತ ಶಿಕ್ಷಕಿಯ ತಾಳ್ಮೆ. ಎಲ್ಲರ ಮುಂದೆ ಒಂದು ಮಾತನ್ನೂ ಆಡದೆ, ಬಡಿಯುವ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿದರು. ಮೊದಲು ಶುರು ಮಾಡಿದ ಇಬ್ಬರಲ್ಲಿ ಒಬ್ಬನ ತಂದೆಯೂ ಗುಳೆ ಹೋದವರೇ. ಅವನು ಏಕೆ ಹಾಗೆ ಮಾಡಿದ ಎಂಬುದಕ್ಕೆ ಅವನ ಬಳಿಯೂ ಉತ್ತರ ಇರಲಿಲ್ಲ. ಆಮೇಲೆ ಅವನೇ ಇತರರನ್ನು ತಡೆದ.

ಶಾಲೆಗೆ ಬೇರೆ ಕನ್ನಡ ಶಿಕ್ಷಕರಿಲ್ಲದ ಕಾರಣ ಅವಳು ಅದೇ ಮಾಸ್ತರರ ಪಾಠವನ್ನೇ ಕೇಳಬೇಕಿತ್ತು. ಕೇಳಿದಳು. ಛಂದಸ್ಸಿನ ತರಗತಿಯಲ್ಲಿ ಎಲ್ಲರೂ ತಾಳ ಹಾಕುವಾಗ ಅವಳು ಕೈ ಕಟ್ಟಿ ಕೂರುತ್ತಿದ್ದಳು. ಮಾಸ್ತರರು ಅದನ್ನು ಗಮನಿಸಿದರೂ ಏನೂ ಹೇಳಲಿಲ್ಲ. ಅವಳ ಪ್ರಸ್ತಾರ ಮಾತ್ರ ಪ್ರತಿ ಬಾರಿಯೂ ಸರಿ ಇರುತ್ತಿತ್ತು. ಪತ್ರಲೇಖನದಲ್ಲಿ ಈಗ ಅವಳು ಕಲಿಸಿದ ನಾಲ್ಕು ವಾಕ್ಯಗಳನ್ನಷ್ಟೇ ಬರೆಯುತ್ತಾಳೆ, ಐದನೆಯದನ್ನು ಬರೆಯುವುದಿಲ್ಲ. ಈ ಪ್ರಕರಣದಲ್ಲಿ ಆದ ನಷ್ಟ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅಷ್ಟು ಚೆನ್ನಾಗಿ ಬರೆಯಬಲ್ಲ ಮಗು ಪರೀಕ್ಷೆಯ ಹಾಳೆಯನ್ನು ನಂಬುವುದನ್ನು ಬಿಟ್ಟಿತು.

ಆಡಳಿತ ಮಂಡಳಿಯ ನಿಷೇಧವನ್ನು ನಾನು ವಿರೋಧಿಸಿದೆ. ರ‍್ಯಾಪ್ ಹಾಡಿದ್ದರಿಂದ ಯಾರಿಗೂ ನೋವಾಗಿರಲಿಲ್ಲ. ಗಣತಿಯ ಪದ್ಯದಲ್ಲಿ ನಗುವಿಗೆ ಗುರಿಯಾಗುವವರು ಮಾಸ್ತರರೇ, ಅವರ ಹುದ್ದೆಯೇ; ನಗುವ ಪ್ರೇಕ್ಷಕರಲ್ಲಿ ಅದೇ ಹುದ್ದೆಯವರೇ ಹೆಚ್ಚು. ಅಲ್ಲಿ ಹಾಡುವವನೂ ಹಾಡಿಗೆ ಒಳಗಾದವನೂ ಒಬ್ಬನೇ. ಪತ್ರದ ಹಾಡಿನಲ್ಲಿ ಹಾಗಿರಲಿಲ್ಲ. ಹರದೇಶಿ ನಾಗೇಶಿ ಮೇಳಗಳು ಎಷ್ಟೇ ಕಟುವಾಗಿ ಹಾಡಿದರೂ ಎರಡೂ ಕಡೆಯವರು ಒಂದೇ ವೇದಿಕೆಯ ಮೇಲೆ, ಕೈಯಲ್ಲಿ ವಾದ್ಯ ಹಿಡಿದು, ತಾವಾಗಿ ಒಪ್ಪಿ ನಿಂತಿರುತ್ತಾರೆ. ಈ ಹುಡುಗಿ ವೇದಿಕೆ ಹತ್ತಿರಲೇ ಇಲ್ಲ. ಜವಾಬು ಹಾಡುವ ಅವಕಾಶವನ್ನು ಆಮೇಲೆ ಕೊಡಲು ಹೋದದ್ದು, ಅವಳು ಕೇಳದ ಪಂದ್ಯಕ್ಕೆ ಅವಳನ್ನು ಮತ್ತೊಮ್ಮೆ ಎಳೆದಂತೆ ಆಗುತ್ತಿತ್ತು. ಅವಳು ಬೇಡ ಎಂದದ್ದು ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ವಿವೇಕದ ನಿರ್ಧಾರ.

ಮಂಡಳಿ ನಿಷೇಧವನ್ನು ಹಿಂತೆಗೆದುಕೊಂಡಿತು. ಬದಲಿಗೆ ಒಂದು ಒಪ್ಪಂದ ಆಯಿತು. ಮಕ್ಕಳು ಪರೀಕ್ಷೆಗೆ, ಮನೆಗೆಲಸಕ್ಕೆ ಬರೆದದ್ದು, ಶಿಕ್ಷಕರ ಬಳಿ ಹೇಳಿಕೊಂಡದ್ದು ಯಾವುದೂ ವೇದಿಕೆಗೆ ಹೋಗಕೂಡದು. ತರಗತಿಯಲ್ಲಿ ತಮಾಷೆಗೆಂದು ಒಬ್ಬರ ಉತ್ತರವನ್ನು ಉಳಿದವರಿಗೆ ಓದಿ ಹೇಳುವ ಹಳೆಯ ರೂಢಿಯೂ ನಿಲ್ಲಬೇಕು. ಈ ಎರಡನೆಯ ಮಾತಿಗೆ ಉಳಿದ ಶಿಕ್ಷಕರಿಂದಲೇ ಆಕ್ಷೇಪ ಬಂತು. "ಅಷ್ಟೂ ನಗಬಾರದೇ" ಎಂದರು. ಸ್ಟಾಫ್ ರೂಮಿನಲ್ಲಿ ಮಕ್ಕಳ ತಪ್ಪುಗಳನ್ನು ಓದಿ ನಗದ ಶಾಲೆ ಯಾವುದಿದೆ? ಆದರೆ ಆ ನಗು ಗೋಡೆಯ ಒಳಗೆ ಉಳಿಯುತ್ತದೆ ಎಂಬ ಭರವಸೆ ಮೊಬೈಲಿನ ಕಾಲದಲ್ಲಿ ಯಾರಿಗೂ ಇಲ್ಲ.

ಮಗುವಿನ ಒಪ್ಪಿಗೆ ಪಡೆದರೆ ಬಳಸಬಹುದೇ ಎಂಬುದರ ಮೇಲೆ ದೀರ್ಘ ಚರ್ಚೆ ನಡೆಯಿತು. ಲಿಖಿತ ಒಪ್ಪಿಗೆ ಇದ್ದರೆ ಸಾಕು ಎಂದು ಮಾಸ್ತರರು ಹೇಳಿದರು. ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. ಅಂಕ ಕೊಡುವ ಕೈಯೇ ಒಪ್ಪಿಗೆ ಕೇಳಿದರೆ ಯಾವ ಮಗು ಬೇಡ ಎನ್ನುತ್ತದೆ ಎಂದು ಅವರು ಕೇಳಿದರು. ಅವರ ಮಾತೇ ಸರಿ. ಈ ಹುಡುಗಿಗೆ ಬೇಡ ಎನ್ನುವ ಧೈರ್ಯ ಇತ್ತು, ಪಕ್ಕದಲ್ಲಿ ಸೋದರಮಾವ ಇದ್ದರು, ಆಗಲೇ ಊರಿಗೆಲ್ಲ ಗೊತ್ತಾಗಿತ್ತು. ಮೊದಲೇ ಖಾಸಗಿಯಾಗಿ ಕೇಳಿದ್ದರೆ ಅವಳು ಬಹುಶಃ "ಆಯಿತು ಸರ್" ಎಂದುಬಿಡುತ್ತಿದ್ದಳು. ತಾನು ಆಗ ಹಾಗೆಯೇ ಹೇಳುತ್ತಿದ್ದೆ ಎಂದು ಅವಳೇ ಗಣಿತ ಶಿಕ್ಷಕಿಗೆ ಹೇಳಿದ್ದಾಳೆ. ಆದ್ದರಿಂದ, ವಿದ್ಯಾರ್ಥಿ ಶಾಲೆ ಬಿಟ್ಟು ಹೋಗುವ ತನಕ ಕೇಳುವುದೂ ಬೇಡ ಎಂದು ತೀರ್ಮಾನಿಸಿದರು.

ಕಿರುಪರೀಕ್ಷೆಗಳ ಪ್ರಶ್ನೆಗಳೂ ಬದಲಾದವು. ಪತ್ರಲೇಖನಕ್ಕೆ ಪಬ್ಲಿಕ್ ಪರೀಕ್ಷೆಯಂತೆಯೇ ಕಲ್ಪಿತ ಹೆಸರು, ಕಲ್ಪಿತ ವಿಳಾಸ. ಯಾರಿಗೆ ಎಂಬುದರಲ್ಲಿ ಆಯ್ಕೆ: ಅಜ್ಜಿ, ಅಣ್ಣ, ಗೆಳತಿ, ಗ್ರಂಥಪಾಲಕರು. ನಾನು ತರಬೇತಿಗಳಲ್ಲಿ ಈ ಒಂದು ಬದಲಾವಣೆಯನ್ನು ಎಲ್ಲ ಕನ್ನಡ ಶಿಕ್ಷಕರಿಗೂ ಹೇಳುತ್ತಿದ್ದೇನೆ. ಒಂದು ಪೈಸೆ ಖರ್ಚಿಲ್ಲದೆ, ಯಾರ ಅನುಮತಿಯೂ ಬೇಡದೆ, ನಾಳೆಯೇ ಮಾಡಬಹುದಾದ ಕೆಲಸ ಇದು.

ಮಾಸ್ತರರು ಆರು ತಿಂಗಳ ಮೇಲೆ ಮತ್ತೆ ವೇದಿಕೆ ಹತ್ತಿದರು. ಗಣತಿಯ ಪದ್ಯ ಈಗ ಉದ್ದವಾಗಿದೆ. ನಗರದ ಸಂಜೆಗಳಲ್ಲಿ ಸ್ಪೋಕನ್ ವರ್ಡ್ ಕೂಡ ಮುಂದುವರಿದಿದೆ. ಒಂದು ಕಡೆ ಗಂಭೀರವಾದ ಸಾಲಿಗೆ ಜನ ನಕ್ಕಾಗ ಅವರು ಹೇಳುವುದನ್ನು ನಿಲ್ಲಿಸಿ, ಅದೇ ಸಾಲನ್ನು ಇನ್ನಷ್ಟು ನಿಧಾನವಾಗಿ ಮತ್ತೆ ಹೇಳಿ ಮುಂದೆ ಹೋದದ್ದನ್ನು ನಾನು ನೋಡಿದ್ದೇನೆ. ಮೂರು ನಿಮಿಷದ ಮಿತಿ ಮೀರಿತು, ಅಂಕ ಹೋಯಿತು. ಆದರೂ ಕವಿತೆಯನ್ನು ತಿದ್ದಲು ಹೋಗಲಿಲ್ಲ.

ತುಣುಕಿನ ಪ್ರತಿಗಳು ಇನ್ನೂ ಎಷ್ಟು ಮೊಬೈಲುಗಳಲ್ಲಿ ಇವೆಯೋ ಯಾರಿಗೂ ಗೊತ್ತಿಲ್ಲ. ಅದನ್ನು ಪೂರ್ತಿ ಅಳಿಸುವ ದಾರಿ ನಮಗೆ ಸಿಕ್ಕಿಲ್ಲ. ಆದ್ದರಿಂದ ಜೂನ್‌ನಲ್ಲಿ ಹೊಸ ಮಕ್ಕಳು ಸೇರಿದಾಗ, ಮಕ್ಕಳ ಮುಂದೆ ವಿಷಯ ಎತ್ತದೆ, ತರಗತಿ ಶಿಕ್ಷಕರ ಸಭೆಯಲ್ಲಿ ಮಾತ್ರ ಮುಖ್ಯೋಪಾಧ್ಯಾಯರು ಇದನ್ನು ನೆನಪಿಸುತ್ತಾರೆ. ಅವಳ ಹತ್ತನೆಯ ತರಗತಿ ಮುಗಿಯುವ ತನಕ ಹೀಗೆಯೇ ಮಾಡಬೇಕೆಂದು ಗಣಿತ ಶಿಕ್ಷಕಿ ಅವರಿಂದ ಮಾತು ಪಡೆದಿದ್ದಾರೆ.